ಬಾಳೆಯ ಸಂತಾನೋತ್ಪತ್ತಿ

ಬಾಳೆಯ ಸಂತಾನೋತ್ಪತ್ತಿ ಎಂದರೆ ಮ್ಯೂಸಾ ಕುಲಕ್ಕೆ ಸೇರಿದ ಬಾಳೆಯ ಸಸ್ಯಗಳು ತಮ್ಮ ವಂಶವನ್ನು ಮುಂದುವರಿಸುವ ಕ್ರಿಯೆ. ಕಾಡುಬಾಳೆಯು ಬೀಜದಿಂದಲೂ ಕಂದಿನಿಂದಲೂ ವೃದ್ಧಿಯಾಗುತ್ತದೆ. ತೋಟದ ಬಾಳೆಯು ಬೀಜರಹಿತವಾದುದರಿಂದ ಅದರ ವೃದ್ಧಿಗೆ ಕಂದೇ ಆಧಾರ. ಬೀಜದ ಮೂಲಕ ನಡೆಯುವುದು ಲೈಂಗಿಕ ಸಂತಾನೋತ್ಪತ್ತಿ. ಕಂದಿನ ಮೂಲಕ ನಡೆಯುವುದು ಅಲೈಂಗಿಕ (ನಿರ್ಲಿಂಗ) ಸಂತಾನೋತ್ಪತ್ತಿ. ಈ ಎರಡು ವಿಧಾನಗಳ ಗುಣದೋಷಗಳನ್ನು ಬಾಳೆಯೊಂದರಲ್ಲೇ ಕಾಣಬಹುದು.

ಲೈಂಗಿಕ ವಿಧಾನ

ಬಾಳೆಯ ಮೂತಿಯಲ್ಲಿ ಕೆನ್ನೇರಳೆ ಬಣ್ಣದ ಎಸಳುಗಳು ಒಂದೊಂದಾಗಿ ತೆರೆದುಕೊಂಡಂತೆ ಅವುಗಳ ಬುಡದಲ್ಲಿ ಹೂಗಳ ಸಾಲು ಕಾಣಿಸುತ್ತದೆ. ಮೊದಲು ಅರಳುವವು ಹೆಣ್ಣು ಹೂಗಳು. ಕಾಯಿಯ ಚಿಪ್ಪುಗಳಾಗುವವು ಇವೇ. ತುದಿಯ ಭಾಗದಲ್ಲಿ ಗಂಡು ಹೂಗಳಿರುತ್ತವೆ. ಕಾಡಿನಲ್ಲಿ ಬಾವಲಿಗಳು ಮತ್ತು ಮಕರಂದ ಹೀರುವ ಹಕ್ಕಿಗಳು ಪರಾಗವನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಒಯ್ಯುತ್ತವೆ.

ಖಾದ್ಯ ಬಾಳೆಗಳ ಮುಖ್ಯ ಮೂಲವಾದ ಮ್ಯೂಸಾ ಅಕ್ಯುಮಿನಾಟ ಮತ್ತು ಮ್ಯೂಸಾ ಬಾಲ್ಬಿಸಿಯಾನ ಎಂಬ ಕಾಡುಬಾಳೆಗಳ ಜೀವಕೋಶದಲ್ಲಿ 22 ವರ್ಣತಂತುಗಳಿವೆ. ಲಿಂಗಾಣುಗಳು ಉಂಟಾಗುವಾಗ ಈ ಸಂಖ್ಯೆಯು ಅರ್ಧವಾಗಿ 11 ಆಗುತ್ತದೆ. ನಿಷೇಚನದಲ್ಲಿ ಎರಡು ಲಿಂಗಾಣುಗಳು ಕೂಡಿ ಮತ್ತೆ 22 ಆಗುತ್ತದೆ. ಹೀಗೆ ಗುಣಗಳು ಬೆರೆಯುವುದರಿಂದ ಒಂದೇ ಹಣ್ಣಿನ ಬೀಜಗಳಿಂದ ಹುಟ್ಟಿದ ಸಸಿಗಳೂ ಪರಸ್ಪರ ಭಿನ್ನವಾಗಿರಬಲ್ಲವು. ಕಾಡುಬಾಳೆಯ ಹಣ್ಣಿನಲ್ಲಿ ಗಟ್ಟಿಯಾದ ಕಪ್ಪು ಬೀಜಗಳು ತುಂಬಿದ್ದು, ತಿರುಳು ಕಡಿಮೆ.

ಬೀಜರಹಿತ ಹಣ್ಣು

ತೋಟದ ಬಹುತೇಕ ತಳಿಗಳಲ್ಲಿ ವರ್ಣತಂತುಗಳು ಮೂರು ಗುಂಪಾಗಿ, ಒಟ್ಟು 33 ಇವೆ. ಮೂರು ಗುಂಪುಗಳನ್ನು ಎರಡು ಸಮಭಾಗ ಮಾಡಲಾಗದು. ಆದ್ದರಿಂದ ಸಮರ್ಥವಾದ ಲಿಂಗಾಣುಗಳು ಉಂಟಾಗುವುದು ಅಪರೂಪ. ಆದರೂ ನಿಷೇಚನವಿಲ್ಲದೆಯೇ ಕಾಯಿ ಬಲಿಯುವ ಗುಣ ಈ ತಳಿಗಳಲ್ಲಿದೆ. ಹಣ್ಣಿನ ನಡುವೆ ಕಾಣುವ ಸಣ್ಣ ಕಪ್ಪು ಚುಕ್ಕೆಗಳು ಬೀಜವಾಗದೆ ಉಳಿದ ಅಂಡಕಗಳ ಕುರುಹು.

ಅಲೈಂಗಿಕ ವಿಧಾನ

ಬಾಳೆಯ ಕಾಂಡದಂತೆ ತೋರುವ ಭಾಗವು ಒಂದರೊಳಗೊಂದು ಸುತ್ತಿಕೊಂಡ ಎಲೆಬುಡಗಳ ಕಟ್ಟು. ನಿಜವಾದ ಕಾಂಡ ಮಣ್ಣಿನೊಳಗಿನ ಗೆಡ್ಡೆ. ಗೆಡ್ಡೆಯ ಮೊಗ್ಗುಗಳಿಂದ ಕಂದುಗಳು ಮೂಡುತ್ತವೆ. ಗೊನೆ ಬಿಟ್ಟ ತಾಯಿಗಿಡ ಸಾಯುತ್ತದೆ. ಕಂದು ಅದರ ಸ್ಥಾನದಲ್ಲಿ ಬೆಳೆಯುತ್ತದೆ. ಅಂಗಾಂಶ ಕೃಷಿಯಲ್ಲಿಯೂ ಇದೇ ತತ್ತ್ವದಂತೆ ತಾಯಿಗಿಡದ ಸಣ್ಣ ತುಣುಕಿನಿಂದ ಸಾವಿರಾರು ಸಸಿಗಳನ್ನು ಪಡೆಯುತ್ತಾರೆ. ಅಪರೂಪದ ಉತ್ಪರಿವರ್ತನೆಗಳನ್ನು ಬಿಟ್ಟರೆ ಇವೆಲ್ಲ ತಾಯಿಯ ಪ್ರತಿರೂಪಗಳೇ. ಆದುದರಿಂದ ಮೆಚ್ಚಿದ ತಳಿಯ ರುಚಿ, ಗಾತ್ರ ಮತ್ತು ಪರಿಮಳಗಳು ತಲೆಮಾರುಗಳವರೆಗೆ ಹಾಗೆಯೇ ಉಳಿಯುತ್ತವೆ.

ಏಕರೂಪತೆಯ ಅಪಾಯ

ಗುಣದಂತೆ ದೌರ್ಬಲ್ಯವೂ ಪ್ರತಿರೂಪದಲ್ಲಿ ಉಳಿಯುತ್ತದೆ. ಪನಾಮಾ ಸೊರಗು ರೋಗವನ್ನು ಉಂಟುಮಾಡುವ ಫ್ಯುಸೇರಿಯಂ ಶಿಲೀಂಧ್ರವು ಬೇರಿನ ಮೂಲಕ ಪ್ರವೇಶಿಸಿ ನೀರು ಸಾಗಿಸುವ ನಾಳಗಳನ್ನು ಕಟ್ಟಿಬಿಡುತ್ತದೆ. ಎಲೆಗಳು ಹಳದಿಯಾಗಿ ಗಿಡ ಸೊರಗುತ್ತದೆ. ಈ ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯಬಲ್ಲದು. 20ನೆಯ ಶತಮಾನದ ಮಧ್ಯದವರೆಗೆ ಲ್ಯಾಟಿನ್ ಅಮೆರಿಕದಿಂದ ರಫ್ತಾಗುತ್ತಿದ್ದ ಪ್ರಧಾನ ತಳಿಯಾದ ಗ್ರೋ ಮಿಷೆಲ್ ಈ ರೋಗಕ್ಕೆ ತುತ್ತಾಯಿತು. ಅದನ್ನು ತಡೆದುಕೊಂಡ ಕ್ಯಾವೆಂಡಿಷ್ ಗುಂಪಿನ ತಳಿಗಳು ಆ ಸ್ಥಾನಕ್ಕೆ ಬಂದವು. ಆದರೆ ಶಿಲೀಂಧ್ರದ ಟಿ.ಆರ್.4 ಎಂಬ ರೂಪವು ಕ್ಯಾವೆಂಡಿಷ್‌ನ್ನೂ ನಾಶಮಾಡುತ್ತದೆ. ಏಷ್ಯಾದಲ್ಲಿ ಹರಡಿದ ಇದು 2019ರಲ್ಲಿ ಕೊಲಂಬಿಯಾದಲ್ಲಿಯೂ ದೃಢಪಟ್ಟಿತು.

ಕರ್ನಾಟಕದಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ನಂಜನಗೂಡು ರಸಬಾಳೆಯ ಕೃಷಿ ಬಹುವಾಗಿ ಕುಗ್ಗಲು ಸೊರಗು ರೋಗವು ಪ್ರಮುಖ ಕಾರಣ. ಸೋಂಕಿನ ಕಂದನ್ನು ನೆಟ್ಟರೆ ರೋಗವೂ ಜೊತೆಯಲ್ಲಿ ಬರುತ್ತದೆ. ಅಂಗಾಂಶ ಕೃಷಿಯ ಸಸಿ ತೋಟಕ್ಕೆ ರೋಗಮುಕ್ತವಾಗಿ ಬಂದರೂ ಅದರಿಂದಲೇ ನಿರೋಧಶಕ್ತಿ ಪಡೆಯುವುದಿಲ್ಲ.

ಕಾಡುಬಾಳೆಯ ಮಹತ್ತ್ವ

ಹೊಸ ನಿರೋಧಕ ಗುಣಗಳನ್ನು ಸಂಶೋಧಕರು ಅರಸುತ್ತಿರುವುದು ಮುಖ್ಯವಾಗಿ ಬೀಜ ಬಿಡುವ ಕಾಡುಬಾಳೆಗಳಲ್ಲಿ. ಅವುಗಳ ಪರಾಗವನ್ನು ತೋಟದ ತಳಿಯ ಹೂವಿಗೆ ಕೈಯಿಂದ ಸೋಕಿಸಿ, ಅಪರೂಪಕ್ಕೆ ದೊರೆಯುವ ಬೀಜದಿಂದ ಸಸಿ ಬೆಳೆಸುತ್ತಾರೆ. ಭಾರತದಲ್ಲಿ ತಿರುಚಿರಾಪಳ್ಳಿಯ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರವು ತಳಿಗಳ ಸಂಗ್ರಹ ಮತ್ತು ಸುಧಾರಣೆಯಲ್ಲಿ ತೊಡಗಿದೆ. ತಿನ್ನಲು ಬಾರದ ಕಾಡುಬಾಳೆಯ ರಕ್ಷಣೆಯು ಈ ಕಾರಣದಿಂದ ತಿನ್ನುವ ಬಾಳೆಯ ಉಳಿವಿಗೂ ಅಗತ್ಯವಾಗಿದೆ.