ಲ್ಯಾಪ್‌ಟಾಪಿನ ಲೆಕ್ಕ ಡಿಸ್ಕಿಗೆ ಸೇರಿತೇ?

ನಮ್ಮ ಸದಸ್ಯ ವರ್ತಕರಲ್ಲಿ ಹಲವರ ಲೆಕ್ಕಪತ್ರಗಳು ಇಂದು ಲ್ಯಾಪ್‌ಟಾಪಿನಲ್ಲಿವೆ. ‘ಸೇವ್’ ಒತ್ತಿದೊಡನೆ ನಮೂದು ಡಿಸ್ಕಿನಲ್ಲಿ ಭದ್ರವಾಯಿತೆಂಬ ನಂಬಿಕೆ ಪೂರ್ಣ ಸರಿಯಲ್ಲ. ಅದು ಮೊದಲು ಕ್ಯಾಶ್ ಎಂಬ ತಾತ್ಕಾಲಿಕ ಸ್ಮೃತಿಯಲ್ಲಿ ನಿಂತು, ತುಸು ತಡವಾಗಿ ಡಿಸ್ಕಿಗಿಳಿಯಬಹುದು. ಕಚ್ಚಾ ಚೀಟಿಯಲ್ಲಿ ಗುರುತಿಸಿದ ವ್ಯಾಪಾರವನ್ನು ಆಮೇಲೆ ಖಾತೆ ಪುಸ್ತಕಕ್ಕೆ ಏರಿಸಿದಂತೆ. ವೇಗ ಹೆಚ್ಚುವುದು ಇದರಿಂದಲೇ. ಆ ನಡುವೆ ವಿದ್ಯುತ್ ಹೋದರೆ ಚೀಟಿ ಹೋಯಿತು. ಕೆಲವೊಮ್ಮೆ ಇಡೀ ಕಡತವೇ ಕೆಡುತ್ತದೆ.

ಲ್ಯಾಪ್‌ಟಾಪಿಗೆ ಬ್ಯಾಟರಿಯೇ ಯು.ಪಿ.ಎಸ್. ಎನ್ನುವುದು ನಿಜ. ಆದರೆ ವರ್ಷಗಟ್ಟಲೆ ಚಾರ್ಜರಿಗೆ ಸಿಕ್ಕಿಸಿಯೇ ಬಳಸಿದ ಯಂತ್ರದಲ್ಲಿ ಬ್ಯಾಟರಿ ಹೆಸರಿಗಷ್ಟೇ ಉಳಿದಿರಬಹುದು. ತಂತಿ ಕಿತ್ತೊಡನೆ ಆರಿಹೋಗುವ ಲ್ಯಾಪ್‌ಟಾಪ್, ಯು.ಪಿ.ಎಸ್. ಇಲ್ಲದ ಮೇಜಿನ ಗಣಕಕ್ಕೆ ಸಮ.

ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್ಕಿನ ‘ಪಾಲಿಸೀಸ್’ ಪುಟದಲ್ಲಿ ಎರಡು ಆಯ್ಕೆಗಳುಂಟು. ಕ್ಯಾಶ್ ಬಳಸುವ ಮೊದಲನೆಯದು ಇರಲಿ. ‘ಬಫರ್ ಫ್ಲಶಿಂಗ್’ ನಿಲ್ಲಿಸುವ ಎರಡನೆಯದು ಅಪಾಯಕಾರಿ: ಕ್ಯಾಶಿನಲ್ಲಿರುವುದನ್ನು ಈಗಲೇ ಬರೆದು ಮುಗಿಸೆಂದು ಲೆಕ್ಕದ ತಂತ್ರಾಂಶ ಕೊಡುವ ಆಜ್ಞೆಯೂ ಆಗ ಡಿಸ್ಕನ್ನು ತಲುಪದು. ವೇಗದ ಹೆಸರಿನಲ್ಲಿ ಅದಕ್ಕೆ ಗುರುತು ಹಾಕಿಕೊಡುವ ರಿಪೇರಿಯವರಿದ್ದಾರೆ, ಒಪ್ಪಬೇಡಿ. ಆರು ತಿಂಗಳಿಗೊಮ್ಮೆ, ಕಡತಗಳನ್ನೆಲ್ಲ ಮುಚ್ಚಿದ ಬಳಿಕ, ಚಾರ್ಜರ್ ಕಳಚಿ ಯಂತ್ರ ಎಷ್ಟು ಹೊತ್ತು ನಿಲ್ಲುವುದೆಂದು ನೋಡುವುದು ಒಳಿತು.