27 ಬೈಟಿನ ಕರಾರು: ಸಿ ಭಾಷೆಯಲ್ಲಿ ಸೀರಿಯಲೈಸೇಶನ್ ಮಾಡುವ ಬಗೆ

ಸಿ ಭಾಷೆಯಲ್ಲಿ ಒಂದು ಸ್ಟ್ರಕ್ಟನ್ನು ಫೈಲಿಗೆ ಬರೆಯಲು ಒಂದೇ ಸಾಲು ಸಾಕು. ಎಫ್‌ರೈಟ್‌ಗೆ ಸ್ಟ್ರಕ್ಟಿನ ವಿಳಾಸ ಕೊಟ್ಟು, ಸೈಜ್‌ಆಫ್ ಹೇಳಿದಷ್ಟು ಬೈಟ್ ಬರೆ ಎಂದರೆ ಮುಗಿಯಿತು. ಅದೇ ಕಂಪ್ಯೂಟರಿನಲ್ಲಿ ಅದೇ ಪ್ರೋಗ್ರಾಂ ಮತ್ತೆ ಓದಿದರೆ ಬಹುತೇಕ ಎಲ್ಲವೂ ಇದ್ದ ಹಾಗೆಯೇ ಸಿಗುತ್ತದೆ. ತಾಪತ್ರಯ ಶುರುವಾಗುವುದು ಆಮೇಲೆ: ಫೈಲು ಬೇರೆ ಯಂತ್ರಕ್ಕೆ ಹೋದಾಗ, ಕಂಪೈಲರ್ ಬದಲಾದಾಗ, ಸ್ಟ್ರಕ್ಟಿಗೆ ಹೊಸ ಫೀಲ್ಡ್ ಸೇರಿದಾಗ, ಇಲ್ಲವೇ ಆಚೆ ತುದಿಯಲ್ಲಿ ಓದುವುದು ಜಾವಾದಲ್ಲೋ ಪೈಥಾನ್‌ನಲ್ಲೋ ಬರೆದ ಪ್ರೋಗ್ರಾಂ ಆಗಿದ್ದಾಗ.

ಸ್ಟ್ರಕ್ಟ್ ಮೆಮೊರಿಯಲ್ಲಿ ಹೇಗೆ ಕೂತಿರಬೇಕು ಎನ್ನುವುದು ಕಂಪೈಲರಿಗೂ ಪ್ರೊಸೆಸರಿಗೂ ನಡುವಿನ ಒಳ ಏರ್ಪಾಡು. ಫೈಲಿಗೆ ಅಥವಾ ನೆಟ್‌ವರ್ಕಿಗೆ ಹೋಗುವ ಬೈಟುಗಳಿಗೆ ಬೇಕಾದದ್ದು ಎರಡೂ ಕಡೆಯವರು ಒಪ್ಪಿದ, ಬರೆದಿಟ್ಟ ಕರಾರು. ಸ್ಟ್ರಕ್ಟನ್ನು ಕರಾರಿನ ಪ್ರಕಾರ ಬೈಟ್ ಬಫರಿಗೆ ಇಳಿಸುವುದು ಸೀರಿಯಲೈಸೇಶನ್. ಬಫರಿನಿಂದ ಮತ್ತೆ ಸ್ಟ್ರಕ್ಟ್ ಕಟ್ಟಿಕೊಳ್ಳುವುದು ಡಿಸೀರಿಯಲೈಸೇಶನ್.

ಉದಾಹರಣೆಗೆ ಒಂದು ಹವಾಮಾನ ಕೇಂದ್ರದ ದಾಖಲೆ ತೆಗೆದುಕೊಳ್ಳೋಣ. ಅದರಲ್ಲಿ ನಾಲ್ಕು ಫೀಲ್ಡ್‌ಗಳು: ದಾಖಲೆಯ ಬಗೆ (8 ಬಿಟ್), ಕಾಲ (32 ಬಿಟ್, 1970ರ ಆರಂಭದಿಂದ ಕಳೆದ ಸೆಕೆಂಡುಗಳು), ಉಷ್ಣಾಂಶ (16 ಬಿಟ್, ಋಣ ಸಂಖ್ಯೆಯೂ ಆಗಬಹುದು; ಡಿಗ್ರಿಯ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ) ಮತ್ತು ಊರಿನ ಹೆಸರಿಗೆ ಒಂದು ಪಾಯಿಂಟರ್. ಬೆಲೆಗಳು: ಬಗೆ 1, ಕಾಲ 1700000000, ಉಷ್ಣಾಂಶ 215 (ಅಂದರೆ 21.5 ಡಿಗ್ರಿ), ಹೆಸರು ಮೈಸೂರು.

ಹಾಗೇ ಬರೆದರೆ ಏನು ತಪ್ಪು?

ಮೊದಲ ತೊಡಕು ಪ್ಯಾಡಿಂಗ್. 32 ಬಿಟ್‌ನ ಸಂಖ್ಯೆ 4ರಿಂದ ಭಾಗವಾಗುವ ವಿಳಾಸದಲ್ಲಿದ್ದರೆ ಪ್ರೊಸೆಸರಿಗೆ ಅನುಕೂಲ. ಹಾಗಾಗಿ ಕಂಪೈಲರ್ ಮೊದಲ ಫೀಲ್ಡ್ ಆದ ಮೇಲೆ 3 ಬೈಟ್ ಖಾಲಿ ಬಿಡುತ್ತದೆ. ಉಷ್ಣಾಂಶ ಆದ ಮೇಲೆ, ಪಾಯಿಂಟರ್ 8ರ ಗುಣಕದಲ್ಲಿ ಬರಲೆಂದು ಇನ್ನೂ 6 ಬಿಡುತ್ತದೆ. ಸಾಮಾನ್ಯ 64 ಬಿಟ್ ಯಂತ್ರದಲ್ಲಿ ಈ ಸ್ಟ್ರಕ್ಟಿನ ಗಾತ್ರ 24 ಬೈಟ್. ಅದರಲ್ಲಿ 9 ಬೈಟ್ ಬರೀ ಸಂದು. ಆ ಸಂದುಗಳಲ್ಲಿ ಮೆಮೊರಿಯಲ್ಲಿ ಹಿಂದೆ ಇದ್ದ ಯಾವುದೋ ಹಳೆಯ ಮಾಹಿತಿ ಉಳಿದಿರಬಹುದು. ಸ್ಟ್ರಕ್ಟನ್ನು ಇಡಿಯಾಗಿ ಹೊರಗೆ ಕಳಿಸಿದರೆ ಅದೂ ಜೊತೆಗೆ ಹೋಗುತ್ತದೆ.

ಎರಡನೆಯದು ಬೈಟುಗಳ ಕ್ರಮ. 1700000000 ಎಂಬ ಸಂಖ್ಯೆಯನ್ನು ನಾಲ್ಕು ಬೈಟಾಗಿ ಒಡೆದರೆ, ದೊಡ್ಡದರಿಂದ ಸಣ್ಣದಕ್ಕೆ, 101, 83, 241, 0 ಬರುತ್ತದೆ. ಬಿಗ್ ಎಂಡಿಯನ್ ಕ್ರಮ ಇದೇ. ನಮ್ಮ ಲ್ಯಾಪ್‌ಟಾಪುಗಳಲ್ಲಿರುವ ಇಂಟೆಲ್, ಎಎಂಡಿ ಪ್ರೊಸೆಸರುಗಳು ಲಿಟಲ್ ಎಂಡಿಯನ್. ಮೆಮೊರಿಯಲ್ಲಿ 0, 241, 83, 101 ಎಂದು ಇಡುತ್ತವೆ. ಒಂದು ಕಡೆಯವರು ಹೀಗೆ ಬರೆದು ಇನ್ನೊಂದು ಕಡೆಯವರು ಹಾಗೆ ಓದಿದರೆ ಸಿಗುವ ಸಂಖ್ಯೆ 15815525. ಅಂದರೆ 2023ರ ನವೆಂಬರ್ 15ರ ನಸುಕಿನ ದಾಖಲೆ 1970ರ ಜುಲೈ 3ಕ್ಕೆ ಹೋಗಿ ಕೂರುತ್ತದೆ. ಪ್ರೋಗ್ರಾಂ ಕ್ರ್ಯಾಶ್ ಆಗುವುದಿಲ್ಲ, ಎರರ್ ಬರುವುದಿಲ್ಲ. ತಪ್ಪು ತಾರೀಖು ಮಾತ್ರ ಸದ್ದಿಲ್ಲದೆ ಡೇಟಾಬೇಸ್ ಸೇರುತ್ತದೆ.

ಮೂರನೆಯದು ಪಾಯಿಂಟರ್. ಅದರೊಳಗಿರುವುದು ಹೆಸರಲ್ಲ, ಹೆಸರು ಇರುವ ಜಾಗದ ವಿಳಾಸ. ಅದನ್ನು ಬರೆದು ಕಳಿಸುವುದೆಂದರೆ, ಪರಊರಿನವರು ಕಾಗದ ಕೇಳಿದಾಗ "ನಮ್ಮ ಮನೆ ಅಟ್ಟದ ಮೇಲಿದೆ" ಎಂದು ಹೇಳಿ ಕಳಿಸಿದ ಹಾಗೆ. ಪ್ರೋಗ್ರಾಂ ಮುಗಿದ ಮೇಲೆ ಆ ವಿಳಾಸಕ್ಕೆ ಅರ್ಥವೇ ಇರುವುದಿಲ್ಲ.

ಕಂಪೈಲರಿಗೆ ಪ್ಯಾಕ್ಡ್ ಎಂಬ ಸೂಚನೆ ಕೊಟ್ಟು ಸಂದುಗಳನ್ನು ತೆಗೆಸುವವರಿದ್ದಾರೆ. ಅದರಿಂದ ಪ್ಯಾಡಿಂಗ್ ಹೋಗುತ್ತದೆ, ಉಳಿದೆರಡು ತೊಡಕು ಹಾಗೇ ಉಳಿಯುತ್ತವೆ. ಮೇಲಾಗಿ ಅಂಥ ಸ್ಟ್ರಕ್ಟಿನ ಒಳಗಿನ ಫೀಲ್ಡಿಗೆ ಪಾಯಿಂಟರ್ ಹಿಡಿದು ಓದಲು ಹೋದರೆ, ಆರ್ಮ್ ಕಾರ್ಟೆಕ್ಸ್ ಎಂ0 ಥರದ ಸಣ್ಣ ಪ್ರೊಸೆಸರುಗಳು ಫಾಲ್ಟ್ ಆಗಿ ಅಲ್ಲೇ ನಿಲ್ಲುತ್ತವೆ.

ಮೊದಲು ಕರಾರು, ಆಮೇಲೆ ಕೋಡ್

ಕೋಡಿಗೆ ಕೈ ಹಾಕುವ ಮುಂಚೆ ಯಾವ ಬೈಟಿನಲ್ಲಿ ಏನಿರಬೇಕು ಎಂದು ಕಾಗದದ ಮೇಲೆ ಬರೆದುಕೊಳ್ಳಬೇಕು. ನಮ್ಮ ದಾಖಲೆಗೆ ಹೀಗೆ ಗೊತ್ತುಮಾಡೋಣ:

ಬೈಟ್ 0: ಬಗೆ
ಬೈಟ್ 1–4: ಕಾಲ, ಬಿಗ್ ಎಂಡಿಯನ್
ಬೈಟ್ 5–6: ಉಷ್ಣಾಂಶ, ಬಿಗ್ ಎಂಡಿಯನ್
ಬೈಟ್ 7–8: ಹೆಸರಿನ ಉದ್ದ, ಬೈಟುಗಳಲ್ಲಿ, ಬಿಗ್ ಎಂಡಿಯನ್
ಬೈಟ್ 9ರಿಂದ: ಹೆಸರು, ಯುಟಿಎಫ್-8

ಬಿಗ್ ಎಂಡಿಯನ್ನೇ ಆಗಬೇಕೆಂದಿಲ್ಲ. ಇಂಟರ್ನೆಟ್ ಪ್ರೋಟೋಕಾಲುಗಳು, ಪಿಎನ್‌ಜಿ ಚಿತ್ರಗಳು ಅದನ್ನು ಬಳಸುತ್ತವೆ. ಬಿಎಂಪಿ ಚಿತ್ರಗಳದ್ದು ಲಿಟಲ್ ಎಂಡಿಯನ್. ಯಾವುದಾದರೂ ಒಂದನ್ನು ಆರಿಸಿ ಬರೆದಿಡುವುದು ಮುಖ್ಯ.

ಇನ್ನು ಕಾಲವನ್ನು ಬಫರಿಗೆ ಇಳಿಸುವುದು:

ಬ[1] = (ಕಾಲ >> 24) & 255;
ಬ[2] = (ಕಾಲ >> 16) & 255;
ಬ[3] = (ಕಾಲ >> 8) & 255;
ಬ[4] = ಕಾಲ & 255;

ಬಲಕ್ಕೆ ಸರಿಸುವ ಈ ಲೆಕ್ಕ ಸಂಖ್ಯೆಯ ಬೆಲೆಯ ಮೇಲೆ ನಡೆಯುತ್ತದೆ, ಅದು ಮೆಮೊರಿಯಲ್ಲಿ ಹೇಗಿದೆ ಎಂಬುದರ ಮೇಲಲ್ಲ. ಆದ್ದರಿಂದ ನಮ್ಮ ಯಂತ್ರ ಯಾವ ಎಂಡಿಯನ್ ಎಂದು ಕೇಳುವ ಪ್ರಸಂಗವೇ ಬರುವುದಿಲ್ಲ. ಇದೇ ನಾಲ್ಕು ಸಾಲು ಎಲ್ಲ ಕಡೆ 101, 83, 241, 0 ಎಂದೇ ಬರೆಯುತ್ತವೆ. ನಿಧಾನವಾಗುತ್ತದೆ ಎಂಬ ಚಿಂತೆ ಬೇಡ. ಆಪ್ಟಿಮೈಸೇಶನ್ ಆನ್ ಮಾಡಿದರೆ ಈಗಿನ ಜಿಸಿಸಿ, ಕ್ಲ್ಯಾಂಗ್ ಕಂಪೈಲರುಗಳು ಈ ಮಾದರಿಯನ್ನು ಗುರುತು ಹಿಡಿದು ಒಂದೆರಡು ಸೂಚನೆಗಳಲ್ಲಿ ಮುಗಿಸುತ್ತವೆ.

ಉಷ್ಣಾಂಶಕ್ಕೂ ಇದೇ ದಾರಿ. 215 ಎನ್ನುವುದು 0, 215 ಆಗುತ್ತದೆ. ಲೇಹ್‌ನ ಚಳಿಗಾಲದ −5.0 ಡಿಗ್ರಿ, ಅಂದರೆ −50, ಚಿಹ್ನೆಯಿಲ್ಲದ 16 ಬಿಟ್ ಸಂಖ್ಯೆಯಾದಾಗ 65486. ಬೈಟುಗಳು 255, 206. ಓದುವಾಗ 32767ಕ್ಕಿಂತ ದೊಡ್ಡದು ಕಂಡರೆ 65536 ಕಳೆದರಾಯಿತು, −50 ವಾಪಸ್ ಸಿಗುತ್ತದೆ. ದಶಾಂಶದ ಫ್ಲೋಟ್ ಇದ್ದರೆ ಅದನ್ನು ಮೆಮ್‌ಕಾಪಿಯಿಂದ 32 ಬಿಟ್ ಪೂರ್ಣಾಂಕಕ್ಕೆ ನಕಲು ಮಾಡಿಕೊಂಡು, ಆ ಪೂರ್ಣಾಂಕವನ್ನು ಮೇಲಿನಂತೆಯೇ ಬರೆಯಬೇಕು. ಪಾಯಿಂಟರನ್ನು ಬೇರೆ ಟೈಪಿಗೆ ಕಾಸ್ಟ್ ಮಾಡಿ ಓದುವ ಅಡ್ಡದಾರಿ ಸಿ ನಿಯಮಕ್ಕೆ ವಿರುದ್ಧ.

ಕನ್ನಡದ ಹೆಸರುಗಳಲ್ಲಿ ಉದ್ದದ ಲೆಕ್ಕ ಎಚ್ಚರಿಕೆಯಿಂದ ಮಾಡಬೇಕು. ಮೈಸೂರು ಎಂಬಲ್ಲಿ ಕಣ್ಣಿಗೆ ಕಾಣುವುದು ಮೂರು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಮ, ಐತ್ವ, ಸ, ಊತ್ವ, ರ, ಉತ್ವ ಸೇರಿ ಆರು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಮ ಒಂದಕ್ಕೇ 224, 178, 174. ಒಟ್ಟು 18 ಬೈಟ್. ಕರಾರಿನಲ್ಲಿ ಉದ್ದ ಎಂದಷ್ಟೇ ಬರೆದು "ಬೈಟುಗಳಲ್ಲಿ" ಎಂಬ ಮಾತನ್ನು ಬಿಟ್ಟರೆ ಒಬ್ಬರು 6 ಎನ್ನುತ್ತಾರೆ, ಇನ್ನೊಬ್ಬರು 18 ಎನ್ನುತ್ತಾರೆ. ಹೆಸರಿಗೆ 16 ಬೈಟ್ ಸಾಕೆಂದು ಅರೇ ಇಟ್ಟರೆ, ಕೊನೆಯ ಸೊನ್ನೆಗೆ ಒಂದು ಹೋಗಿ 15 ಉಳಿಯುತ್ತದೆ. ಊರು "ಮೈಸೂರ" ಆಗುತ್ತದೆ. 17 ಬೈಟಿನ ಅರೇ ಆಗಿದ್ದರೆ ಇನ್ನೂ ಕಷ್ಟ: ಉತ್ವದ ಮೊದಲ ಬೈಟ್ ಮಾತ್ರ ಬಾಲದಂತೆ ಉಳಿದು, ಪರದೆಯ ಮೇಲೆ ಪ್ರಶ್ನೆ ಚಿಹ್ನೆಯೋ ಚೌಕವೋ ಕಾಣುತ್ತದೆ.

ಎಲ್ಲ ಸೇರಿ 1, 4, 2, 2, 18: ನಮ್ಮ ದಾಖಲೆ ಸರಿಯಾಗಿ 27 ಬೈಟ್. ಬರೆಯುವ ಮುಂಚೆ ಬಫರಿನಲ್ಲಿ ಅಷ್ಟು ಜಾಗವಿದೆಯೇ ಎಂದು ನೋಡಿ, ಇಲ್ಲದಿದ್ದರೆ ಒಂದು ಬೈಟನ್ನೂ ಬರೆಯದೆ ಎರರ್ ಕೊಟ್ಟು ಹಿಂದಿರುಗುವುದು ಫಂಕ್ಷನ್‌ನ ಮೊದಲ ಕೆಲಸ.

ಓದುವಾಗ ಯಾರನ್ನೂ ನಂಬಬೇಡಿ

ಬರೆಯುವಾಗ ಮಾಹಿತಿ ನಮ್ಮದು. ಓದುವಾಗ ಅದು ಯಾರದೋ. ಬಫರಿನಲ್ಲಿ ಉದ್ದ 18 ಎಂದಿದ್ದರೆ ಅದು ಕಳಿಸಿದವರ ಹೇಳಿಕೆ ಅಷ್ಟೆ. ನಿಜವಾಗಿ ಅಷ್ಟು ಬೈಟ್ ಬಂದಿವೆಯೇ ಎಂದು ನಾವೇ ಎಣಿಸಿ ನೋಡಬೇಕು.

ಈ ಒಂದು ಎಣಿಕೆ ತಪ್ಪಿದ್ದರಿಂದ ಏನಾಯಿತು ಎಂಬುದಕ್ಕೆ 2014ರ ಹಾರ್ಟ್‌ಬ್ಲೀಡ್ ಸಾಕ್ಷಿ. ಓಪನ್‌ಎಸ್‌ಎಸ್‌ಎಲ್ ಎಂಬ ಸಿ ಲೈಬ್ರರಿ ಆಗ ಜಗತ್ತಿನ ಅಸಂಖ್ಯ ವೆಬ್ ಸರ್ವರುಗಳ ಗೂಢಲಿಪಿ ಕೆಲಸ ನೋಡಿಕೊಳ್ಳುತ್ತಿತ್ತು. ಅದರಲ್ಲಿ ಹಾರ್ಟ್‌ಬೀಟ್ ಎಂಬ ಸಣ್ಣ ಸಂದೇಶ: 1 ಬೈಟ್ ಬಗೆ, 2 ಬೈಟ್ ಉದ್ದ, ಆಮೇಲೆ ಒಡಲು, ಕೊನೆಗೆ ಕನಿಷ್ಠ 16 ಬೈಟ್ ಪ್ಯಾಡಿಂಗ್. ನಮ್ಮ ದಾಖಲೆಯದ್ದೇ ಕಟ್ಟು. ಬಂದ ಒಡಲನ್ನು ಹಾಗೆಯೇ ವಾಪಸ್ ಕಳಿಸುವುದು ಸರ್ವರಿನ ಕೆಲಸ. ಸರ್ವರ್ ಆ ಎರಡು ಬೈಟ್ ಓದಿ, ಅದು ಹೇಳಿದಷ್ಟನ್ನು ಮೆಮ್‌ಕಾಪಿ ಮಾಡಿ ಕಳಿಸುತ್ತಿತ್ತು. ಒಂದೇ ಬೈಟ್ ಕಳಿಸಿ "ಉದ್ದ 65535" ಎಂದು ಸುಳ್ಳು ಹೇಳಿದವರಿಗೆ ಸರ್ವರಿನ ಮೆಮೊರಿಯ ಸುಮಾರು 64 ಕಿಲೋಬೈಟ್ ಸಿಗುತ್ತಿತ್ತು. ಅದರಲ್ಲಿ ಪಾಸ್‌ವರ್ಡ್ ಇರಬಹುದಿತ್ತು, ಗುಪ್ತ ಕೀಲಿಯೂ ಇರಬಹುದಿತ್ತು. 2012ರ ಮಾರ್ಚ್‌ನ 1.0.1 ಆವೃತ್ತಿಯಲ್ಲಿ ಹೊರಬಂದ ಈ ದೋಷಕ್ಕೆ 2014ರ ಏಪ್ರಿಲ್ 7ರಂದು ಪರಿಹಾರ ಬಂತು. ಪರಿಹಾರದ ಜೀವಾಳ ಒಂದು ಹೋಲಿಕೆ: ಬಗೆ, ಉದ್ದ, ಒಡಲು, ಪ್ಯಾಡಿಂಗ್ ಸೇರಿದ ಮೊತ್ತ ಬಂದ ಬೈಟುಗಳಿಗಿಂತ ಹೆಚ್ಚಾದರೆ ಸಂದೇಶವನ್ನು ಬಿಸಾಡು.

ಆ ಹೋಲಿಕೆಯನ್ನು ಬರೆಯುವುದರಲ್ಲೂ ಒಂದು ಬಲೆ ಇದೆ. ಸ್ಥಾನ + ಉದ್ದ > ಗಾತ್ರ ಎಂದು ಬರೆಯುವುದು ಸಹಜ. ಆದರೆ ಉದ್ದದ ಫೀಲ್ಡ್ 32 ಬಿಟ್‌ನದ್ದಾಗಿ, ಕಿಡಿಗೇಡಿಗಳು ಅಲ್ಲಿ 4294967290 ಎಂದು ತುಂಬಿದ್ದರೆ, 32 ಬಿಟ್‌ನಲ್ಲಿ ಅದಕ್ಕೆ ಹೆಸರಿನ ಸ್ಥಾನವಾದ 11 (ಉದ್ದಕ್ಕೆ ಈಗ 4 ಬೈಟ್) ಕೂಡಿದಾಗ ಮೊತ್ತ ಉಕ್ಕಿ 5 ಆಗುತ್ತದೆ. 5 ಎನ್ನುವುದು 29ಕ್ಕಿಂತ ಚಿಕ್ಕದು, ಪರೀಕ್ಷೆ ಪಾಸ್. ಅದನ್ನೇ ಹೀಗೆ ತಿರುಗಿಸಿ ಬರೆದರೆ ಉಕ್ಕುವ ಮಾತಿಲ್ಲ:

ಉದ್ದ > ಗಾತ್ರ - ಸ್ಥಾನ

ಸ್ಥಾನ ಯಾವತ್ತೂ ಗಾತ್ರವನ್ನು ಮೀರದಂತೆ ನೋಡಿಕೊಂಡಿದ್ದರೆ ಬಲಬದಿಯಲ್ಲಿರುವುದು ಉಳಿದ ಬೈಟುಗಳ ನಿಜವಾದ ಲೆಕ್ಕ.

ಬೈಟುಗಳನ್ನು ಜೋಡಿಸಿ ಕಾಲವನ್ನು ಕಟ್ಟುವಾಗಲೂ ಜೋಪಾನ. ಸಿ ಭಾಷೆ 8 ಬಿಟ್‌ನ ಬೈಟನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮೊದಲು ಚಿಹ್ನೆಯಿರುವ ಇಂಟ್ ಮಾಡಿಬಿಡುತ್ತದೆ. ಮೊದಲ ಬೈಟ್ 128 ಅಥವಾ ಹೆಚ್ಚಿದ್ದು, ಇಂಟ್ 32 ಬಿಟ್‌ನದ್ದಾಗಿದ್ದರೆ, 24 ಸ್ಥಾನ ಎಡಕ್ಕೆ ಸರಿಸಿದಾಗ ಅದು ಚಿಹ್ನೆಯ ಬಿಟ್‌ಗೆ ನುಗ್ಗುತ್ತದೆ. ಫಲಿತಾಂಶ ಹೀಗೇ ಇರಬೇಕೆಂದು ಭಾಷೆ ಹೇಳುವುದಿಲ್ಲ. ಸರಿಸುವ ಮೊದಲೇ ಬೈಟನ್ನು ಚಿಹ್ನೆಯಿಲ್ಲದ 32 ಬಿಟ್ ಟೈಪಿಗೆ ಕಾಸ್ಟ್ ಮಾಡಿದರೆ ಈ ಗೊಡವೆಯಿಲ್ಲ.

ಪ್ರತಿ ಫೀಲ್ಡಿಗೂ ಇದನ್ನೆಲ್ಲ ಕೈಯಾರೆ ಬರೆಯುತ್ತಾ ಕೂತರೆ ಎಲ್ಲೋ ಒಂದು ಕಡೆ ಮರೆತೇ ಹೋಗುತ್ತದೆ. ಅದಕ್ಕೆ ಅನುಭವಸ್ಥರು ಒಂದು ಸಣ್ಣ "ಓದುಗ" ಸ್ಟ್ರಕ್ಟ್ ಇಟ್ಟುಕೊಳ್ಳುತ್ತಾರೆ: ಬಫರಿನ ವಿಳಾಸ, ಗಾತ್ರ, ಸ್ಥಾನ ಮತ್ತು ಒಂದು ಎರರ್ ಗುರುತು. ಓದು8, ಓದು16, ಓದು32, ಓದುಬೈಟ್ಸ್ ಎಂಬ ನಾಲ್ಕೇ ಫಂಕ್ಷನ್‌ಗಳು ಬಫರನ್ನು ಮುಟ್ಟುತ್ತವೆ. ಉಳಿದ ಕೋಡ್ ಇವುಗಳ ಮೂಲಕವೇ ಹೋಗಬೇಕು. ಬೈಟ್ ಸಾಲದಿದ್ದರೆ ಎರರ್ ಗುರುತು ಏರುತ್ತದೆ, ಒಮ್ಮೆ ಏರಿದರೆ ಇಳಿಯುವುದಿಲ್ಲ, ಆಮೇಲಿನ ಓದುಗಳೆಲ್ಲ ಸೊನ್ನೆ ಕೊಡುತ್ತವೆ. ಉದ್ದವನ್ನು ಓದಿದ ಕೂಡಲೇ ಗುರುತನ್ನು ನೋಡಿ ಆಮೇಲಷ್ಟೇ ಮ್ಯಾಲಾಕ್ ಕರೆಯಬೇಕು. ಹೆಸರಿಗೆ ಜಾಗ ಕೇಳುವಾಗ ಕೊನೆಯ ಸೊನ್ನೆಗೆಂದು ಒಂದು ಬೈಟ್ ಹೆಚ್ಚು ಕೇಳಬೇಕು, ಉದ್ದಕ್ಕೊಂದು ಮಿತಿಯನ್ನೂ ಹಾಕಬೇಕು.

ನಾಳೆ ಫಾರ್ಮ್ಯಾಟ್ ಬದಲಾದರೆ

ಮುಂದಿನ ವರ್ಷ ತೇವಾಂಶವೂ ಬೇಕಾಗುತ್ತದೆ. ಅದಕ್ಕೇ ಫೈಲಿನ ತಲೆಯಲ್ಲಿ ಗುರುತಿನ ಬೈಟುಗಳು ಮತ್ತು ಆವೃತ್ತಿ ಸಂಖ್ಯೆ ಮೊದಲ ದಿನದಿಂದಲೇ ಇರಬೇಕು. ಗುರುತನ್ನು ಹೇಗೆ ಆರಿಸಬೇಕೆಂದು ಪಿಎನ್‌ಜಿ ನೋಡಿ ಕಲಿಯಬಹುದು. ಅದರ ಪ್ರತಿ ಫೈಲೂ 137, 80, 78, 71, 13, 10, 26, 10 ಎಂಬ ಎಂಟು ಬೈಟಿನಿಂದ ಶುರುವಾಗುತ್ತದೆ. 137ರಲ್ಲಿ ಎಂಟನೇ ಬಿಟ್ ಏರಿದೆ. ಏಳೇ ಬಿಟ್ ಸಾಗಿಸುವ ಹಳೆಯ ಮಾರ್ಗದಲ್ಲಿ ಬಂದಿದ್ದರೆ ಅದು ಕೆಟ್ಟಿರುತ್ತದೆ. 13, 10 ಎಂಬುದು ವಿಂಡೋಸ್ ಮಾದರಿಯ ಸಾಲಿನ ಕೊನೆ, ಒಂಟಿ 10 ಯುನಿಕ್ಸ್‌ನದು. ಪಠ್ಯವೆಂದುಕೊಂಡು ಯಾರಾದರೂ ಸಾಲಿನ ಕೊನೆಗಳನ್ನು ಬದಲಿಸಿದ್ದರೆ ಇವು ಸಿಕ್ಕಿಹಾಕಿಸುತ್ತವೆ. 80, 78, 71 ಎಂಬುದು ಫಾರ್ಮ್ಯಾಟಿನ ಹೆಸರಿನ ಮೂರು ಇಂಗ್ಲಿಷ್ ಅಕ್ಷರ.

ಇಷ್ಟೆಲ್ಲ ನಾವೇ ಬರೆಯಬೇಕೇ? ಸನ್ ಕಂಪನಿಯ ಎಕ್ಸ್‌ಡಿಆರ್ 1987ರಲ್ಲೇ ದಾಖಲಾಗಿತ್ತು. ಅದು ಎಲ್ಲವನ್ನೂ 4 ಬೈಟಿನ ಗುಣಕಕ್ಕೆ ಏರಿಸುವುದರಿಂದ ನಮ್ಮ 27 ಬೈಟ್ ಅಲ್ಲಿ 36 ಆಗುತ್ತದೆ. ಗೂಗಲ್ 2008ರಲ್ಲಿ ಬಿಡುಗಡೆ ಮಾಡಿದ ಪ್ರೋಟೋಕಾಲ್ ಬಫರ್ಸ್‌ನಲ್ಲಿ ಪ್ರತಿ ಫೀಲ್ಡಿಗೂ ಒಂದು ಸಂಖ್ಯೆ. ಗೊತ್ತಿಲ್ಲದ ಸಂಖ್ಯೆ ಎದುರಾದರೆ ಹಳೆಯ ಪ್ರೋಗ್ರಾಂ ಅದನ್ನು ದಾಟಿಕೊಂಡು ಮುಂದೆ ಹೋಗುತ್ತದೆ. ಫೀಲ್ಡುಗಳು ಆಗಾಗ ಸೇರುವ, ಹಲವು ಭಾಷೆಗಳ ಪ್ರೋಗ್ರಾಂಗಳು ಓದುವ ದತ್ತಾಂಶಕ್ಕೆ ಇಂಥದ್ದೇ ವಾಸಿ. ಸಣ್ಣ ಯಂತ್ರಗಳಿಗೆ ನ್ಯಾನೋಪಿಬಿ ಎಂಬ ಸಿ ಆವೃತ್ತಿಯೂ ಇದೆ. ನಾಲ್ಕೈದು ಫೀಲ್ಡಿನ, ಬದಲಾಗದ ದಾಖಲೆಗೆ ಕೈಯಲ್ಲಿ ಬರೆದ ಐವತ್ತು ಸಾಲು ಸಾಕು.

ಯಾವ ದಾರಿ ಹಿಡಿದರೂ ಪರೀಕ್ಷೆ ಬಿಡುವಂತಿಲ್ಲ. ಬರೆದು ಓದಿ ಹೋಲಿಸುವುದು ಅರ್ಧ ಪರೀಕ್ಷೆ ಮಾತ್ರ. ಎರಡೂ ಫಂಕ್ಷನ್ ಒಂದೇ ತಪ್ಪು ಮಾಡಿದ್ದರೆ ಅದು ಪಾಸಾಗುತ್ತದೆ. ಆ 27 ಬೈಟುಗಳನ್ನು ಕೈಯಲ್ಲಿ ಲೆಕ್ಕ ಹಾಕಿ ಪರೀಕ್ಷೆಯೊಳಗೆ ಬರೆದಿಡಿ, ಫಂಕ್ಷನ್ ಅವನ್ನೇ ಕೊಡುತ್ತದೆಯೇ ನೋಡಿ. ಆಮೇಲೆ ಅದೇ ಬಫರನ್ನು 0ಯಿಂದ 26ರವರೆಗೆ ಒಂದೊಂದೇ ಉದ್ದಕ್ಕೆ ಕತ್ತರಿಸಿ ಓದಲು ಕೊಡಿ. 27 ಸಲವೂ ಎರರ್ ಬರಬೇಕು, ಒಂದು ಸಲವೂ ಕ್ರ್ಯಾಶ್ ಆಗಬಾರದು. ಅಡ್ರೆಸ್ ಸ್ಯಾನಿಟೈಸರ್ ಆನ್ ಮಾಡಿ, ಎಎಫ್‌ಎಲ್ ಅಥವಾ ಲಿಬ್‌ಫಜರ್‌ನಂಥ ಫಜರ್ ಹಚ್ಚಿ ಒಂದು ರಾತ್ರಿ ಬಿಟ್ಟರೆ, ನಮಗೆ ಹೊಳೆಯದ ಕೆಟ್ಟ ಬಫರುಗಳನ್ನೂ ಅದು ಹುಟ್ಟಿಸಿ ಕೊಡುತ್ತದೆ. ಬೆಳಿಗ್ಗೆ ಅದು ಹಿಡಿದ ಒಂದೊಂದು ಬಫರನ್ನೂ ಪರೀಕ್ಷೆಗಳ ಸಾಲಿಗೆ ಸೇರಿಸಿ. ಅದೇ ದೋಷ ಇನ್ನೊಮ್ಮೆ ನುಸುಳಲು ಬಂದರೆ ಬಾಗಿಲಲ್ಲೇ ಸಿಕ್ಕಿಬೀಳುತ್ತದೆ.