ಸ್ವಕಲಿಕೆ ಮತ್ತು ಅಧ್ಯಾಪಕರ ಕಲಿಕೆ: ‘ನಲಿಕಲಿ’ಯನ್ನು ಕುರಿತು ಕೆಲವು ಟಿಪ್ಪಣಿಗಳು

ಹೈದರಾಬಾದಿನ ಕುಷಾಯಿಗೂಡದ ಶಾಲೆಯೊಂದರಲ್ಲಿ ಅಧ್ಯಾಪಕರೊಡನೆ ಮಾತನಾಡುವ ಸಂದರ್ಭ ಒದಗಿದಾಗ ಹಿರಿಯ ಅಧ್ಯಾಪಕಿಯೊಬ್ಬರು ಕೇಳಿದ ಪ್ರಶ್ನೆ ಈ ಬರೆಹಕ್ಕೆ ಪ್ರೇರಣೆ. ಮಗು ತಾನಾಗಿಯೇ ಕಲಿಯುವುದಾದರೆ ತರಗತಿಯಲ್ಲಿ ನಮ್ಮ ಕೆಲಸವೇನು ಎಂದು ಅವರು ಕೇಳಿದರು. ಪ್ರಶ್ನೆಯಲ್ಲಿ ವ್ಯಂಗ್ಯವಿರಲಿಲ್ಲ, ಆತಂಕವಿತ್ತು. ಕರ್ನಾಟಕದ ಹೊರಗಿನ ಸಂಶೋಧಕರಿಗೆ ಅಷ್ಟಾಗಿ ಪರಿಚಿತವಲ್ಲದ ‘ನಲಿಕಲಿ’ ಪದ್ಧತಿಯ ಇತಿಹಾಸದಲ್ಲಿ ಇದಕ್ಕೆ ಉತ್ತರವನ್ನು ಅರಸಬಹುದು.

ಸಹಪಾಠಿಯಿಂದ ಕಲಿಯುವ ಕ್ರಮ ನಮ್ಮಲ್ಲಿ ಹೊಸದಲ್ಲ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ ಮದರಾಸು ಸರ್ಕಾರಕ್ಕೆ ಸಲ್ಲಿಸಿದ ವರದಿಯು ಆ ಜಿಲ್ಲೆಯ 533 ಶಾಲೆಗಳನ್ನು ಲೆಕ್ಕಕ್ಕೆ ತಂದುಕೊಳ್ಳುತ್ತದೆ. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಬರೆಹವನ್ನು ಕಲಿಸುವಲ್ಲಿನ ಮಿತವ್ಯಯವನ್ನೂ, ಮುಂದುವರಿದ ವಿದ್ಯಾರ್ಥಿ ಕಿರಿಯರಿಗೆ ಹೇಳಿಕೊಡುವ ಏರ್ಪಾಡನ್ನೂ ಕ್ಯಾಂಬೆಲ್ ಮೆಚ್ಚುತ್ತಾನೆ. ಅದೇ ವರದಿಯಲ್ಲಿ, ಬಾಲಕರು ಆಡುಮಾತಿಗೆ ದೂರವಾದ ಕಾವ್ಯಭಾಷೆಯ ಪದ್ಯಗಳನ್ನು ಅರ್ಥವರಿಯದೆ ಕಂಠಪಾಠ ಮಾಡುತ್ತಾರೆಂಬ ಆಕ್ಷೇಪವೂ ಇದೆ. ನಡುಗನ್ನಡ ಕಾವ್ಯಗಳಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ ಈ ಮಾತು ಹಿತವೆನಿಸದಿದ್ದರೂ ಅದನ್ನು ಅಲ್ಲಗಳೆಯಲಾರೆ. ಹಿರಿಯ ಹುಡುಗ ಕಿರಿಯನಿಗೆ ದಾಟಿಸುತ್ತಿದ್ದುದು ತಾನು ಬಾಯಿಪಾಠ ಮಾಡಿದ್ದನ್ನೇ. ಅಲ್ಲಿ ಪರಸ್ಪರ ನೆರವಿತ್ತು. ಸ್ವಂತ ಗ್ರಹಿಕೆಗೆ ಎಡೆ ಕಡಿಮೆಯಿತ್ತು.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಅಧ್ಯಾಪಕರ ತಂಡವೊಂದು ಯುನಿಸೆಫ್ ಸಹಾಯದಿಂದ ಮದನಪಲ್ಲೆಯ ಸಮೀಪದ ಋಷಿವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳನ್ನು ಕಂಡಿತು. ಒಬ್ಬರೇ ಅಧ್ಯಾಪಕರು, ಹಲವು ತರಗತಿಗಳ ಮಕ್ಕಳು. ಪಠ್ಯಪುಸ್ತಕದ ಬದಲು ಚಟುವಟಿಕೆಯ ಕಾರ್ಡುಗಳು. ಮಗು ತನ್ನ ವೇಗದಲ್ಲಿ ಏರುವ ಕಲಿಕಾ ಏಣಿ. ಕಾಡಂಚಿನ ತಾಲ್ಲೂಕಿನಿಂದ ಹೋದವರಿಗೆ ಈ ಪರಿಸ್ಥಿತಿ ಅಪರಿಚಿತವಾಗಿರಲಿಲ್ಲ. ಹಿಂದಿರುಗಿದ ಮೇಲೆ ಅವರು ತೆಲುಗಿನ ಸಾಮಗ್ರಿಯನ್ನು ಅನುವಾದಿಸಿ ಸುಮ್ಮನಾಗಲಿಲ್ಲ; ಕನ್ನಡದ ಅಕ್ಷರಕ್ರಮಕ್ಕೂ ತಮ್ಮ ಮಕ್ಕಳ ಪರಿಸರಕ್ಕೂ ಹೊಂದುವಂತೆ ಕಾರ್ಡುಗಳನ್ನು ತಾವೇ ರಚಿಸಿದರು. ಈ ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ.

ನಲಿಕಲಿಯಲ್ಲಿ ಮಕ್ಕಳು ‘ತಟ್ಟೆ’ಗಳೆಂದು ಕರೆಯಲಾಗುವ ಗುಂಪುಗಳಲ್ಲಿ ಕುಳಿತುಕೊಳ್ಳುತ್ತಾರೆ. ಅಧ್ಯಾಪಕರ ಪೂರ್ಣ ನೆರವು, ಅಧ್ಯಾಪಕರ ಭಾಗಶಃ ನೆರವು, ಸಹಪಾಠಿಗಳ ಪೂರ್ಣ ನೆರವು, ಸಹಪಾಠಿಗಳ ಭಾಗಶಃ ನೆರವು, ಕೊನೆಗೆ ಸ್ವಕಲಿಕೆ ಎಂಬುದು ಅವುಗಳ ಕ್ರಮ. ಈ ವಿಂಗಡಣೆಗೆ ಆಧಾರ ಮಗುವಿನ ಬುದ್ಧಿಯ ಹೆಚ್ಚುಕಡಿಮೆಯಲ್ಲ, ಆ ಹೊತ್ತಿನ ಚಟುವಟಿಕೆಗೆ ಬೇಕಾದ ನೆರವಿನ ಪ್ರಮಾಣ. ಇಂದು ಮೊದಲ ತಟ್ಟೆಯಲ್ಲಿರುವ ಮಗು ನಾಳೆ ಇನ್ನೊಂದು ಕಾರ್ಡಿನೊಡನೆ ಐದನೆಯದರಲ್ಲಿರಬಹುದು. ಆದುದರಿಂದ ಸ್ವಾತಂತ್ರ್ಯವೆಂಬುದು ಇಲ್ಲಿ ಒಮ್ಮೆಗೇ ದೊರೆಯುವ ಸ್ಥಿತಿಯಲ್ಲ. ನೆರವನ್ನು ಅಳತೆಯರಿತು ಹಿಂತೆಗೆದುಕೊಳ್ಳುವುದರ ಫಲ. ಆ ಅಳತೆಯನ್ನರಿಯುವುದೇ ಅಧ್ಯಾಪಕರು ಕಲಿಯಬೇಕಾದ ವಿದ್ಯೆ.

ಇದು ಉಪನ್ಯಾಸ ಕೇಳಿ ಬರುವಂಥದಲ್ಲ. ಆಂಧ್ರಪ್ರದೇಶದಲ್ಲಿ 1980ರ ದಶಕದಲ್ಲಿ ಬ್ರಿಟಿಷ್ ನೆರವಿನಿಂದ ಆರಂಭವಾದ ಪ್ರಾಥಮಿಕ ಶಿಕ್ಷಣ ಯೋಜನೆಯೂ ಅಧ್ಯಾಪಕ ಕೇಂದ್ರಗಳನ್ನು ಏರ್ಪಡಿಸಿ, ನೆರೆಯ ಶಾಲೆಗಳವರು ಕಲೆತು ತಮ್ಮ ಅನುಭವವನ್ನು ಹಂಚಿಕೊಳ್ಳಲು ಅವಕಾಶ ಮಾಡಿತ್ತು.

2009–10ರಲ್ಲಿ ನಲಿಕಲಿಯು ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆ ವ್ಯಾಪಿಸಿತು. ಅನಂತರ ಮೂರನೆಯದಕ್ಕೂ ಬಂದಿತು. ಆಗ ಕಾರ್ಡುಗಳು ಸಿದ್ಧರೂಪದಲ್ಲಿ ಶಾಲೆಗೆ ತಲುಪತೊಡಗಿದವು. ವಿಸ್ತರಣೆಗೆ ಇದು ಅನಿವಾರ್ಯವಾಗಿದ್ದಿರಬಹುದು. ಆದರೆ ಕಾರ್ಡನ್ನು ರಚಿಸಿದವನಿಗೆ ಅದನ್ನು ಎಲ್ಲಿ ಬಿಡಬಹುದು, ಎಲ್ಲಿ ತಿದ್ದಬಹುದು ಎಂಬುದು ಗೊತ್ತಿರುತ್ತದೆ. ಕೈಗೆ ಬಂದುದನ್ನು ಬಳಸುವವನಿಗೆ ಕ್ರಮ ತಪ್ಪೀತೆಂಬ ಅಂಜಿಕೆ. ತನ್ನ ಬೋಧನೆಯಲ್ಲಿಯೇ ಸ್ವಾತಂತ್ರ್ಯ ಕಾಣದ ಅಧ್ಯಾಪಕ ಮಗುವನ್ನು ಐದನೆಯ ತಟ್ಟೆಗೆ ಹೇಗೆ ಕಳುಹಿಸಿಯಾನು? ಸಾಮಗ್ರಿಯ ಪೂರೈಕೆಗೆ ದೊರೆತಷ್ಟು ಗಮನ ಈ ಪ್ರಶ್ನೆಗೆ ದೊರೆತಿಲ್ಲವೆಂದೇ ನನ್ನ ಅಭಿಪ್ರಾಯ.

ಕುಷಾಯಿಗೂಡದ ಆ ಅಧ್ಯಾಪಕಿ ಐದು ತಟ್ಟೆಗಳ ಹೆಸರನ್ನು ತೆಲುಗಿನಲ್ಲಿ ಬರೆದುಕೊಂಡರು. ಎರಡನೆಯದನ್ನು ಬಿಡಿಸಿ ಮೂರನೆಯದಕ್ಕೆ ಮಗುವನ್ನು ಕೂರಿಸುವ ಹೊತ್ತು ಬಂದಿತೆಂದು ತಿಳಿಯುವುದು ಹೇಗೆ ಎಂದು ಮತ್ತೆ ಕೇಳಿದರು. ಅಂದಿನ ಉಳಿದ ವೇಳೆಯೆಲ್ಲ ಆ ಒಂದು ಪ್ರಶ್ನೆಗೇ ಸಂದಿತು.